ಎಷ್ಟು ಒಂದೇ ಇರಬೇಕು, ಎಷ್ಟು ಬೇರೆ ಇರಬೇಕು

ಬೆಂಗಳೂರಿನ ಬಸವನಗುಡಿಯಲ್ಲಿ ಸಾರ್ವಜನಿಕರ ಮುಂದೆ ಆಡಿದ ಮಾತುಗಳ ಬರಹ ರೂಪ

ವರದಿ ಪಡೆಯಲು ನಮ್ಮ ಪ್ರಯೋಗಾಲಯಕ್ಕೆ ಬರುವವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: "ಮ್ಯಾಚ್ ಆಯಿತೇ ಮೇಡಂ?" ಹಲವು ವರ್ಷಗಳ ಹಿಂದೆ ತುಮಕೂರು ಕಡೆಯ ಅಜ್ಜಿಯೊಬ್ಬರು ಮಾತ್ರ ಬೇರೆ ರೀತಿಯಲ್ಲಿ ಕೇಳಿದರು. ಅವರ ಮೊಮ್ಮಗನಿಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಆಗಿತ್ತು. ಅವನಿಗೆ ಅಕ್ಕನ ಅಸ್ಥಿಮಜ್ಜೆಯನ್ನು ಕಸಿ ಮಾಡಬಹುದೇ ಎಂದು ನೋಡಲು ಅವಳ ರಕ್ತವನ್ನು ಪರೀಕ್ಷೆಗೆ ಕೊಟ್ಟಿದ್ದರು. "ಸಾಲಾವಳಿ ಕೂಡಿ ಬಂತೇನಮ್ಮ?" ಎಂದರು. ಕೂಡಿರಲಿಲ್ಲ. ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಅದು ಹೇಗೆ ಕೂಡುವುದಿಲ್ಲ?" ಎಂದು ಕೇಳಿದರು.

ನಾನು ರೋಗಿಗಳಿಗೆ ಚಿಕಿತ್ಸೆ ಕೊಡುವ ವೈದ್ಯೆಯಲ್ಲ. ರೋಗಿ ಮತ್ತು ದಾನಿಯ ಅಂಗಾಂಶ ಹೊಂದಾಣಿಕೆಯನ್ನು ನೋಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಅಜ್ಜಿಗೆ ಅವತ್ತು ನಾನು ಕೊಟ್ಟ ಉತ್ತರ ಅವಸರದ್ದಾಗಿತ್ತು, ಸಾಲದಾಗಿತ್ತು. ಇವತ್ತು ನಿಮ್ಮೆದುರು ಅದನ್ನು ಸಮಾಧಾನದಿಂದ ಹೇಳಬೇಕೆಂದು ಬಂದಿದ್ದೇನೆ. ಅದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆಯೂ ಇದೆ: ಎಲ್ಲವೂ ಕೂಡಿಬಿಟ್ಟರೆ ಅದು ಅಷ್ಟು ಒಳ್ಳೆಯದೇ?

ಮೊದಲು ಕಸಿ ಎಂಬ ಪದ. ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಲಾಲ್‌ಬಾಗ್ ಇದೆ. ಅಲ್ಲಿ ಮಾವಿನ ಕಸಿ ಗಿಡ ಕೊಂಡವರು ನಿಮ್ಮಲ್ಲಿ ಹಲವರು ಇರಬಹುದು. ನಾಟಿ ಗಿಡದ ಬೇರು ಕಾಂಡ ಹಾಗೆಯೇ ಇರುತ್ತದೆ, ಮೇಲೆ ಬಾದಾಮಿಯದೋ ಮಲ್ಲಿಕಾದ್ದೋ ಕುಡಿಯನ್ನು ಕಟ್ಟುತ್ತಾರೆ. ಅಸ್ಥಿಮಜ್ಜೆಯ ಕಸಿ ಇದಕ್ಕೆ ತಿರುಗುಮುರುಗು. ಇಲ್ಲಿ ಕೊಂಬೆ ರೆಂಬೆಯೆಲ್ಲ ಹಳೆಯದೇ, ಬದಲಾಗುವುದು ಬೇರು. ಮೂಳೆಯೊಳಗಿನ ಮಜ್ಜೆಯಲ್ಲಿ ಆಕರಕೋಶಗಳಿವೆ, ನೀವು ಪತ್ರಿಕೆಗಳಲ್ಲಿ ಸ್ಟೆಮ್ ಸೆಲ್ ಎಂದು ಓದುವುದು ಇವನ್ನೇ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್, ಎಲ್ಲವೂ ಇವುಗಳಿಂದ ಹುಟ್ಟುತ್ತವೆ. ಲ್ಯುಕೇಮಿಯಾದಲ್ಲಿ ಈ ಹುಟ್ಟುವ ಜಾಗವೇ ಕೆಡುತ್ತದೆ. ಎಲ್ಲ ಲ್ಯುಕೇಮಿಯಾಕ್ಕೂ ಕಸಿ ಬೇಕಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಮಕ್ಕಳಲ್ಲಿ ಬರುವ ಲ್ಯುಕೇಮಿಯಾ ಬಹಳಷ್ಟು ಸಲ ಔಷಧಿಯಿಂದಲೇ ವಾಸಿಯಾಗುತ್ತದೆ. ಔಷಧಿಗೆ ಬಗ್ಗದ, ಅಥವಾ ಮರುಕಳಿಸುವ ಅಪಾಯ ಹೆಚ್ಚಿರುವ ಬಗೆಗಳಿಗೆ ಕಸಿಯ ಯೋಚನೆ ಮಾಡುತ್ತಾರೆ.

ಕಸಿ ಎಂದಾಗ ನಮ್ಮ ಮನಸ್ಸಿಗೆ ಬರುವುದು ಕಿಡ್ನಿ. ಕಿಡ್ನಿ ಕಸಿಯಲ್ಲಿ ಭಯ ಒಂದೇ ದಿಕ್ಕಿನದು: ಹೊಸ ಕಿಡ್ನಿಯನ್ನು ದೇಹ ಹೊರಗಿನದೆಂದು ತಳ್ಳಿಬಿಡಬಹುದು. ಮಜ್ಜೆಯ ಕಸಿಯಲ್ಲಿ ನಾವು ಸಾಗಿಸುತ್ತಿರುವುದು ಕಾವಲು ಪಡೆಯನ್ನೇ. ಬಂದ ನೆಂಟನ ಕೈಗೇ ಮನೆಯ ಕಾವಲನ್ನು ಒಪ್ಪಿಸುತ್ತೇವೆ. ಅವನು ಮನೆಯವರನ್ನು ಒಬ್ಬೊಬ್ಬರನ್ನಾಗಿ ನೋಡಿ, ಇವರು ಯಾರು, ಇವರನ್ನು ನಾನೆಂದೂ ಕಂಡಿಲ್ಲವಲ್ಲ ಎಂದು ಅನುಮಾನಿಸತೊಡಗಿದರೆ? ಆ ಅನುಮಾನವೇ ನನ್ನ ಇವತ್ತಿನ ವಿಷಯ.

ಕಾವಲಿನವನು ಗುರುತು ಹಿಡಿಯುವುದು ಹೇಗೆ? ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುತ್ತಿರುವ ಪ್ರೋಟೀನುಗಳ ಚಿಕ್ಕ ಚೂರುಗಳನ್ನು ತಂದು ಹೊರಮೈಯಲ್ಲಿ ಒಂದು ತಟ್ಟೆಯ ಮೇಲಿಟ್ಟು ತೋರಿಸುತ್ತಿರುತ್ತದೆ. ಒಳಗೆ ಏನು ಬೇಯುತ್ತಿದೆ ನೋಡಿ ಎಂದು ಹೊಸ್ತಿಲಿನಲ್ಲಿ ಒಂದು ತುತ್ತು ಇಟ್ಟ ಹಾಗೆ. ಟಿ ಕೋಶಗಳೆಂಬ ಬಿಳಿ ಕಣಗಳು ಬೀದಿ ಬೀದಿ ತಿರುಗುತ್ತ ತುತ್ತನ್ನು ಪರೀಕ್ಷಿಸುತ್ತವೆ. ವೈರಸ್ಸಿನ ಚೂರು ಕಂಡರೆ ಆ ಕೋಶವನ್ನು ಕೊಲ್ಲುತ್ತವೆ. ಆ ತಟ್ಟೆಗೇ ಎಚ್‌ಎಲ್‌ಎ ಎಂದು ಹೆಸರು. ಟಿ ಕೋಶ ತುತ್ತನ್ನು ಮಾತ್ರ ನೋಡುವುದಿಲ್ಲ, ತಟ್ಟೆಯನ್ನೂ ನೋಡುತ್ತದೆ. ಹೊಸ ರೋಗಾಣುವೊಂದು ಮೊದಲ ಸಲ ಬಂದಾಗ ಅದನ್ನು ಗುರುತಿಸಬಲ್ಲ ಟಿ ಕೋಶಗಳು ಲಕ್ಷಕ್ಕೆ ಒಂದೋ, ಹತ್ತು ಲಕ್ಷಕ್ಕೆ ಒಂದೋ ಇರುತ್ತವೆ. ಬೇರೊಬ್ಬರ ಎಚ್‌ಎಲ್‌ಎ ತಟ್ಟೆ ಎದುರಾದರೆ ನೂರಕ್ಕೆ ಒಂದರಿಂದ ಹತ್ತು ಟಿ ಕೋಶಗಳು ಎದ್ದು ನಿಲ್ಲುತ್ತವೆ. ಈ ಎರಡು ಲೆಕ್ಕಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಹೊಂದಾಣಿಕೆಗೆ ನಾವು ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೇವೆ ಎಂಬುದು ಅರ್ಥವಾದೀತು.

ಈ ತಟ್ಟೆಗಳ ವಂಶವಾಹಿಗಳು ಆರನೆಯ ವರ್ಣತಂತುವಿನಲ್ಲಿ ಒತ್ತೊತ್ತಾಗಿ ಕುಳಿತಿವೆ. ಎ, ಬಿ, ಸಿ, ಡಿಆರ್, ಡಿಕ್ಯೂ ಎಂಬ ಐದನ್ನು ನಾವು ಮುಖ್ಯವಾಗಿ ನೋಡುತ್ತೇವೆ. ಅಪ್ಪನಿಂದ ಐದು, ಅಮ್ಮನಿಂದ ಐದು. ವರದಿಯಲ್ಲಿ ಹತ್ತಕ್ಕೆ ಹತ್ತು ಎಂದು ಬರೆಯುವುದು ಈ ಲೆಕ್ಕದಿಂದ. ಐದೇ ಎಂದರೆ ಸುಲಭ ಎನಿಸುತ್ತದೆ. ಆದರೆ ಎಚ್‌ಎಲ್‌ಎ ವಂಶವಾಹಿಗಳಿಗೆಲ್ಲ ಒಟ್ಟು ಸೇರಿ ಜಗತ್ತಿನಲ್ಲಿ ಇದುವರೆಗೆ ದಾಖಲಾಗಿರುವ ರೂಪಗಳು 40,000ಕ್ಕೂ ಹೆಚ್ಚು.

ಈಗ ಅಜ್ಜಿಯ ಪ್ರಶ್ನೆ. ಅಪ್ಪನ ಹತ್ತಿರ ಎರಡು ಕೀಲಿಗೊಂಚಲುಗಳಿವೆ ಎಂದುಕೊಳ್ಳಿ, ಕೆಂಪು ಮತ್ತು ಹಳದಿ. ಅಮ್ಮನ ಹತ್ತಿರ ನೀಲಿ ಮತ್ತು ಹಸಿರು. ಪ್ರತಿ ಮಗುವಿಗೂ ಅಪ್ಪ ಒಂದು ಗೊಂಚಲು, ಅಮ್ಮ ಒಂದು ಗೊಂಚಲು ಕೊಡುತ್ತಾರೆ. ಗೊಂಚಲನ್ನು ಬಿಚ್ಚಿ ಹಂಚುವುದು ತೀರಾ ಅಪರೂಪ. ಹಾಗಾಗಿ ಮಕ್ಕಳಲ್ಲಿ ನಾಲ್ಕೇ ಬಗೆ: ಕೆಂಪು ನೀಲಿ, ಕೆಂಪು ಹಸಿರು, ಹಳದಿ ನೀಲಿ, ಹಳದಿ ಹಸಿರು. ಮೊಮ್ಮಗ ಕೆಂಪು ನೀಲಿಯಾಗಿದ್ದು ಅಕ್ಕ ಹಳದಿ ಹಸಿರಾಗಿದ್ದರೆ, ಒಂದೇ ಹೊಟ್ಟೆಯಲ್ಲಿ ಹುಟ್ಟಿಯೂ ಈ ವಿಷಯದಲ್ಲಿ ಅವರು ಪೂರ್ತಿ ಬೇರೆ. ಒಬ್ಬ ಒಡಹುಟ್ಟಿದವರು ಪೂರ್ತಿ ಕೂಡುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಇಲ್ಲಿ ಬಹಳ ಜನ ಒಂದು ತಪ್ಪು ಲೆಕ್ಕ ಹಾಕುತ್ತಾರೆ. ನಾಲ್ಕರಲ್ಲಿ ಒಂದಾದರೆ, ನಾಲ್ಕು ಜನ ಒಡಹುಟ್ಟಿದವರಿದ್ದಾಗ ಒಬ್ಬರಾದರೂ ಕೂಡಲೇಬೇಕಲ್ಲ ಎನ್ನುತ್ತಾರೆ. ಹಾಗಿಲ್ಲ. ಇಬ್ಬರಿದ್ದರೆ ನೂರಕ್ಕೆ 44, ಮೂವರಿದ್ದರೆ 58, ನಾಲ್ವರಿದ್ದರೆ 68. ಹಾವೇರಿ ಕಡೆಯ ಒಂದು ಕುಟುಂಬದಲ್ಲಿ ನಾಲ್ವರು ಬಂದು ತೋಳು ಒಡ್ಡಿದ್ದರು, ನಾಲ್ವರಲ್ಲಿ ಒಬ್ಬರೂ ಕೂಡಲಿಲ್ಲ. ಕಿರಿಯ ತಮ್ಮ ನನ್ನೆದುರೇ ಅತ್ತರು. "ನಾನು ಅಣ್ಣನಿಗೆ ಆಗಿಬರಲಿಲ್ಲ" ಎಂದರು. ಹೊಂದದ ವರದಿಯನ್ನು ಜನ ತಮ್ಮ ಪ್ರೀತಿಯ ಮೇಲಿನ ತೀರ್ಪು ಎಂಬಂತೆ ಓದಿಬಿಡುತ್ತಾರೆ. ಅದಕ್ಕೇ ಈಗ ನಾನು ವರದಿ ಕೈಗಿಡುವ ಮೊದಲು ಕೀಲಿಗೊಂಚಲಿನ ಕಥೆಯನ್ನು ಹೇಳಿಯೇ ಹೇಳುತ್ತೇನೆ. ಕೂಡಿದವರ ಕಷ್ಟ ಇನ್ನೊಂದು ಬಗೆಯದು. ಮನೆಯವರೆಲ್ಲರ ಕಣ್ಣು ಆ ಒಬ್ಬರ ಮೇಲೆ ಬೀಳುತ್ತದೆ, ಅವರು ಭಯವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಲೂ ಆಗುವುದಿಲ್ಲ. ಅಂಥವರನ್ನು ಮನೆಯವರಿಲ್ಲದೆ ಒಬ್ಬರನ್ನೇ ಕೂರಿಸಿಕೊಂಡು ಮಾತನಾಡಬೇಕು.

ಒಂದು ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಎಂದರೆ ಇವತ್ತಿನ ಮಗುವಿಗೆ ಒಡಹುಟ್ಟಿದವರು ಒಬ್ಬರು, ಅಥವಾ ಯಾರೂ ಇಲ್ಲ. ಇನ್ನೊಂದು ಕಡೆ, ನಮ್ಮಲ್ಲಿ ಸೋದರಮಾವನಿಗೆ ಕೊಡುವ, ಅತ್ತೆಯ ಮಗನಿಗೆ ಕೊಡುವ ಮದುವೆಗಳಿವೆ. ಅಂಥ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರ ಕೈಯಲ್ಲೂ ಒಂದೇ ಪೂರ್ವಜರ ಗೊಂಚಲು ಇರಬಹುದು. ಆಗ ತಂದೆಯೋ, ಚಿಕ್ಕಪ್ಪನ ಮಗಳೋ ಪೂರ್ತಿ ಕೂಡಿಬಿಡುವುದುಂಟು. ಇದು ಅಂಥ ಮದುವೆಗೆ ನನ್ನ ಶಿಫಾರಸು ಖಂಡಿತ ಅಲ್ಲ, ಅದರಿಂದ ಬರುವ ಆನುವಂಶಿಕ ಕಾಯಿಲೆಗಳ ಮಕ್ಕಳನ್ನೂ ನಾವು ಇದೇ ಆಸ್ಪತ್ರೆಗಳಲ್ಲಿ ಕಾಣುತ್ತೇವೆ. ಆದರೆ ನಿಮ್ಮದು ಸೋದರ ಸಂಬಂಧದ ಮನೆಯಾಗಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ. ಹುಡುಕುವ ವರ್ತುಲ ದೊಡ್ಡದಾಗುತ್ತದೆ.

ಕೂಡದ ಕಾವಲಿನಿಂದ ಆಗುವ ಅನಾಹುತಕ್ಕೆ ಜಿವಿಎಚ್‌ಡಿ ಎಂದು ಹೆಸರು. ದಾನಿಯ ಟಿ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ಬೀಳುತ್ತವೆ. ಅಂಗೈ ಅಂಗಾಲಿನಲ್ಲಿ ಕೆಂಪು ಗುಳ್ಳೆ, ನಿಲ್ಲದ ಭೇದಿ, ಕಾಮಾಲೆ. ಕೆಲವರಲ್ಲಿ ಇದು ತಿಂಗಳುಗಳ ನಂತರ ಬೇರೆ ರೂಪ ತಾಳುತ್ತದೆ: ಕಣ್ಣು ಬಾಯಿ ಒಣಗುತ್ತವೆ, ಚರ್ಮ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ಹತ್ತಕ್ಕೆ ಹತ್ತು ಕೂಡಿದ ಅಣ್ಣ ತಮ್ಮಂದಿರ ನಡುವೆಯೂ ಇದು ಬರುತ್ತದೆ. ತಟ್ಟೆ ಒಂದೇ ಆದರೂ ತಟ್ಟೆಯ ಮೇಲಿನ ತುತ್ತು ಬೇರೆಯಾಗಿರಬಹುದಲ್ಲವೇ? ಅಕ್ಕ ತಮ್ಮನಿಗೆ ಕೊಟ್ಟಾಗ, ಗಂಡಸಿನ ವೈ ವರ್ಣತಂತುವಿನಿಂದ ಬಂದ ಪ್ರೋಟೀನುಗಳು ಅಕ್ಕನ ಟಿ ಕೋಶಗಳಿಗೆ ಹೊಸವು. ಹಾಗಾಗಿ ಹೆಣ್ಣು ದಾನಿ, ಗಂಡು ರೋಗಿ ಎಂಬ ಜೋಡಿಯಲ್ಲಿ ಜಿವಿಎಚ್‌ಡಿಯ ಅಪಾಯ ಸ್ವಲ್ಪ ಹೆಚ್ಚು.

ಇಲ್ಲಿಯವರೆಗೆ ಕೇಳಿದವರು, ಹಾಗಾದರೆ ಎಷ್ಟು ಒಂದೇ ಇದ್ದರೆ ಅಷ್ಟು ಒಳ್ಳೆಯದು ಎಂಬ ತೀರ್ಮಾನಕ್ಕೆ ಬಂದಿರುತ್ತೀರಿ. ವಿಜ್ಞಾನಿಗಳೂ ಬಹಳ ಕಾಲ ಹಾಗೆಯೇ ನಂಬಿದ್ದರು. ಆ ಲೆಕ್ಕದಲ್ಲಿ ಎಲ್ಲರಿಗಿಂತ ಅದೃಷ್ಟವಂತರು ಯಾರು? ಒಂದೇ ಅಂಡದಿಂದ ಹುಟ್ಟಿದ ಅವಳಿಗಳು. ತಟ್ಟೆಯೂ ಒಂದೇ, ತುತ್ತೂ ಒಂದೇ. ಈ ಅವಳಿಗಳ ನಡುವಿನ ಕಸಿಯಲ್ಲಿ ಜಿವಿಎಚ್‌ಡಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಲ್ಯುಕೇಮಿಯಾ ಮರಳಿ ಬರುವುದು ಅವರಲ್ಲೇ ಹೆಚ್ಚು.

1956ರಲ್ಲಿಯೇ ಇಂಗ್ಲೆಂಡಿನಲ್ಲಿ ಬಾರ್ನ್ಸ್ ಮತ್ತು ಲೂಟಿಟ್ ಎಂಬವರು ಲ್ಯುಕೇಮಿಯಾ ಇದ್ದ ಇಲಿಗಳ ಮೇಲೆ ಪ್ರಯೋಗ ಮಾಡಿ, ಬೇರೆ ತಳಿಯ ಮಜ್ಜೆ ತಾನೇ ಕ್ಯಾನ್ಸರನ್ನು ಕೊಲ್ಲುತ್ತಿರಬಹುದೆಂದು ಊಹಿಸಿದ್ದರು. 1979ರಲ್ಲಿ ಸಿಯಾಟಲ್‌ನ ತಂಡ ಮನುಷ್ಯರಲ್ಲಿ ಅದಕ್ಕೆ ಪುರಾವೆ ಕಂಡಿತು: ಯಾರಿಗೆ ಜಿವಿಎಚ್‌ಡಿ ಆಯಿತೋ ಅವರಲ್ಲಿ ಲ್ಯುಕೇಮಿಯಾ ಮರಳುವುದು ಕಡಿಮೆ. ಡೊನಾಲ್ ಥಾಮಸ್ ಅವರು ಕಟ್ಟಿದ ತಂಡ ಅದು. 1990ರಲ್ಲಿ ಅವರಿಗೆ ನೊಬೆಲ್ ಬಂತು. ನಡುವೆ ಕೆಲವರು, ಜಗಳ ಮಾಡುವುದು ಟಿ ಕೋಶಗಳೇ ಅಲ್ಲವೇ, ಅವನ್ನು ಮೊದಲೇ ಸೋಸಿ ತೆಗೆದು ಆಕರಕೋಶಗಳನ್ನು ಕೊಟ್ಟರಾಯಿತು ಎಂದು ಮಾಡಿ ನೋಡಿದರು. ಜಿವಿಎಚ್‌ಡಿ ಇಳಿಯಿತು, ಲ್ಯುಕೇಮಿಯಾ ಮರಳುವುದು ಏರಿತು. ಕೊನೆಗೆ ಮ್ಯೂನಿಕ್‌ನ ಹಾನ್ಸ್ ಕೋಲ್ಬ್ ತಂಡ, ಕಸಿಯ ನಂತರ ಕಾಯಿಲೆ ಮರಳಿದ್ದ ಮೂವರು ರೋಗಿಗಳಿಗೆ ಅವರವರ ದಾನಿಯ ಬಿಳಿ ರಕ್ತಕಣಗಳನ್ನು ಕೊಟ್ಟು ರೋಗ ಹಿಮ್ಮೆಟ್ಟಿದ್ದನ್ನು 1990ರಲ್ಲಿ ವರದಿ ಮಾಡಿತು.

ನಾನು ಈ ಕೆಲಸದಲ್ಲಿ ಉಳಿದಿರುವುದೇ ಈ ಮಾತಿನ ಸಲುವಾಗಿ, ನಿಧಾನವಾಗಿ ಹೇಳುತ್ತೇನೆ. ಕೀಮೋದಿಂದ ಅಷ್ಟಿಷ್ಟು ಲ್ಯುಕೇಮಿಯಾ ಕೋಶಗಳು ತಪ್ಪಿಸಿಕೊಂಡು ಉಳಿದಿರುತ್ತವೆ. ರೋಗಿಯ ಸ್ವಂತ ಕಾವಲು ಅವನ್ನು ಮನೆಯವರೇ ಎಂದುಕೊಂಡು ಬಿಟ್ಟಿರುತ್ತದೆ. ಹೊಸ ಕಾವಲಿಗೆ ಆ ದಾಕ್ಷಿಣ್ಯವಿಲ್ಲ. ಚರ್ಮವನ್ನು ಸುಡುವ ಅಪರಿಚಿತತನವೇ ಕ್ಯಾನ್ಸರನ್ನೂ ಹಿಡಿಯುತ್ತದೆ. ಸಾಲಾವಳಿಯ ಹೋಲಿಕೆ ಇಲ್ಲಿಗೆ ಮುಗಿಯಿತು. ಕೂಡಬೇಕು, ಆದರೆ ಪೂರ್ತಿ ಒಂದೇ ಆಗಬಾರದು.

ಕ್ಯಾನ್ಸರಿಗೂ ಇದು ಗೊತ್ತು ಎನ್ನುವಂಥ ಪುರಾವೆ 2009ರಲ್ಲಿ ಇಟಲಿಯ ಮಿಲಾನ್‌ನಿಂದ ಬಂತು. ಅರ್ಧ ಮಾತ್ರ ಕೂಡಿದ ದಾನಿಯಿಂದ ಕಸಿ ಪಡೆದು ಕಾಯಿಲೆ ಮರಳಿದ್ದ ಕೆಲವರ ಲ್ಯುಕೇಮಿಯಾ ಕೋಶಗಳನ್ನು ಪರೀಕ್ಷಿಸಿದರು. ಆ ಕೋಶಗಳು ತಮ್ಮ ಆರನೆಯ ವರ್ಣತಂತುವಿನಲ್ಲಿ ದಾನಿಗೆ ಹೊಂದದ ಎಚ್‌ಎಲ್‌ಎ ಭಾಗವನ್ನು ಕಳೆದುಕೊಂಡು, ಹೊಂದುವ ಭಾಗವನ್ನೇ ಎರಡು ಪ್ರತಿ ಮಾಡಿಕೊಂಡಿದ್ದವು. ಯಾವ ತಟ್ಟೆಯಿಂದ ಗುರುತು ಸಿಗುತ್ತಿತ್ತೋ ಆ ತಟ್ಟೆಯನ್ನೇ ಎಸೆದು ಬದುಕಿಕೊಂಡವು. ಇಂಥ ಸ್ಥಿತಿಯಲ್ಲಿ ಅದೇ ದಾನಿಯ ಬಿಳಿ ಕಣಗಳನ್ನು ಮತ್ತೆ ಕೊಟ್ಟು ಹೆಚ್ಚಿನ ಪ್ರಯೋಜನವಿಲ್ಲ. ಇನ್ನೊಂದು ಗೊಂಚಲು ಬೇರೆಯಾಗಿರುವ ಬೇರೆ ದಾನಿಯನ್ನು ನೋಡಬೇಕಾಗುತ್ತದೆ. ಕಾಯಿಲೆ ಮರಳಿದಾಗ ವೈದ್ಯರು ಮತ್ತೊಮ್ಮೆ ನಮ್ಮ ಪ್ರಯೋಗಾಲಯಕ್ಕೆ ಮಾದರಿ ಕಳಿಸುವುದು ಇದಕ್ಕೂ ಹೌದು.

ಅರ್ಧ ಕೂಡುವ ದಾನಿ ಎಂದೆ. ಕೀಲಿಗೊಂಚಲನ್ನು ಮತ್ತೆ ನೆನಪಿಸಿಕೊಳ್ಳಿ. ಅಪ್ಪ, ಅಮ್ಮ, ಮಕ್ಕಳು, ಇವರೆಲ್ಲರೂ ಖಂಡಿತವಾಗಿ ಅರ್ಧ ಕೂಡುತ್ತಾರೆ. ಒಡಹುಟ್ಟಿದವರಲ್ಲಿ ಇಬ್ಬರಿಗೆ ಒಬ್ಬರು. ಆಸ್ಪತ್ರೆಗಳಲ್ಲಿ ಇದಕ್ಕೆ ಹಾಫ್ ಮ್ಯಾಚ್ ಎನ್ನುತ್ತಾರೆ. ಒಂದು ಕಾಲಕ್ಕೆ ಇದು ಕೈ ಹಾಕಬಾರದ ಕೆಲಸವಾಗಿತ್ತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ವೈದ್ಯರು ಒಂದು ಹಳೆಯ, ಅಗ್ಗದ ಔಷಧಿಯಿಂದ ಅದನ್ನು ಬದಲಿಸಿದರು: ಸೈಕ್ಲೋಫಾಸ್ಫಮೈಡ್. ಕಸಿಯಾದ ಮೂರನೆಯ ಮತ್ತು ನಾಲ್ಕನೆಯ ದಿನ ಇದನ್ನು ಕೊಡುತ್ತಾರೆ. ದಾನಿಯ ಟಿ ಕೋಶಗಳಲ್ಲಿ ಯಾವುವು ರೋಗಿಯ ದೇಹವನ್ನು ಕಂಡು ಕೆರಳಿವೆಯೋ ಅವು ಆ ಹೊತ್ತಿಗೆ ಭರದಿಂದ ಒಡೆದು ಹೆಚ್ಚುತ್ತಿರುತ್ತವೆ. ಔಷಧಿ ಹಾಗೆ ಹೆಚ್ಚುತ್ತಿರುವವನ್ನೇ ಹೆಚ್ಚಾಗಿ ಕೊಲ್ಲುತ್ತದೆ. ಸುಮ್ಮನಿರುವವು ಬಹುಮಟ್ಟಿಗೆ ಉಳಿಯುತ್ತವೆ. ಆಕರಕೋಶಗಳಲ್ಲಿ ಈ ಔಷಧಿಯನ್ನು ಜೀರ್ಣಿಸುವ ಕಿಣ್ವ ಹೇರಳವಾಗಿರುವುದರಿಂದ ಅವೂ ಪಾರಾಗುತ್ತವೆ. ಹೊರದೇಶದ ದಾನಿಯ ಕೋಶಗಳನ್ನು ತರಿಸುವ ವೆಚ್ಚ ಭರಿಸಲಾಗದ ನಮ್ಮಂಥ ದೇಶಕ್ಕೆ ಇದು ದೊಡ್ಡ ಬಾಗಿಲು ತೆರೆಯಿತು. ಹಾವೇರಿಯ ಆ ಕುಟುಂಬದಲ್ಲಿ ಅತ್ತ ತಮ್ಮನೇ ಅರ್ಧ ಕೂಡಿದ ದಾನಿಯಾದರು.

ಆದರೆ ಅರ್ಧ ಕೂಡುವ ಕಸಿಗೆ ಮೊದಲು ಒಂದು ಪರೀಕ್ಷೆ ಆಗಲೇಬೇಕು, ರೋಗಿಯ ರಕ್ತದಲ್ಲಿ ದಾನಿಯ ಎಚ್‌ಎಲ್‌ಎ ವಿರುದ್ಧ ಪ್ರತಿಕಾಯಗಳು, ಅಂದರೆ ಆ್ಯಂಟಿಬಾಡಿಗಳು, ಇವೆಯೇ ಎಂದು. ತಾಯಿಗೆ ಲ್ಯುಕೇಮಿಯಾ ಬಂದಾಗ ಮಗನೋ ಮಗಳೋ ಮುಂದೆ ಬರುತ್ತಾರೆ. ಬಸುರಿನಲ್ಲಿ ಮಗುವಿನ ಕೋಶಗಳು ತಾಯಿಯ ರಕ್ತಕ್ಕೆ ಸೇರಿರುತ್ತವೆ. ಅಪ್ಪನಿಂದ ಬಂದ ಗೊಂಚಲಿನ ವಿರುದ್ಧ ತಾಯಿಯಲ್ಲಿ ಪ್ರತಿಕಾಯ ಹುಟ್ಟಿ, ಹತ್ತಾರು ವರ್ಷ ಉಳಿದಿರಬಹುದು. ಹಾಗಿದ್ದರೆ ಆ ಮಗುವಿನ ಆಕರಕೋಶಗಳು ತಾಯಿಯಲ್ಲಿ ಬೇರೂರದೆ ಹೋಗುವ ಅಪಾಯವಿದೆ. ಎಚ್‌ಎಲ್‌ಎ ಪತ್ತೆಯಾದದ್ದೇ ಹೀಗೆ. 1958ರಲ್ಲಿ ಪ್ಯಾರಿಸ್‌ನ ಜಾನ್ ದೊಸೆ ಪದೇ ಪದೇ ರಕ್ತ ಪಡೆದವರಲ್ಲಿ, ಹಾಲೆಂಡಿನ ಫಾನ್ ರೋಡ್ ಮತ್ತು ಅಮೆರಿಕದ ರೋಸ್ ಪೇನ್ ಹಲವು ಸಲ ಬಸುರಾದ ತಾಯಂದಿರಲ್ಲಿ ಬೇರೆಯವರ ಬಿಳಿ ಕಣಗಳ ಮೇಲೆ ಬೀಳುವ ಪ್ರತಿಕಾಯಗಳನ್ನು ಕಂಡರು. ಡಿಎನ್‌ಎ ಪರೀಕ್ಷೆ ಬರುವ ಮೊದಲು, ನನ್ನ ಗುರುಗಳ ಕಾಲದಲ್ಲಿ, ಪ್ರಯೋಗಾಲಯಗಳು ಹೊಂದಾಣಿಕೆ ನೋಡುತ್ತಿದ್ದುದು ಅನೇಕ ಮಕ್ಕಳನ್ನು ಹೆತ್ತ ತಾಯಂದಿರ ರಕ್ತದಿಂದ ತೆಗೆದ ಸೀರಮ್ಮಿನಿಂದಲೇ. ಹೆಸರು ತಿಳಿಯದ ಎಷ್ಟೋ ತಾಯಂದಿರ ಋಣ ಈ ವಿಜ್ಞಾನದ ಮೇಲಿದೆ.

ಇದರಿಂದ ನಿಮಗೆ ಉಪಯೋಗವಾಗುವ ಒಂದು ಮಾತು. ರೋಗಿಗೆ ರಕ್ತ ಹಾಕಿಸಿದಾಗ ಬದಲಿ ರಕ್ತ ಕೊಡಿ ಎಂದು ಕೇಳುವುದು ನಮ್ಮಲ್ಲಿ ರೂಢಿ. ನೀವು ಕೊಟ್ಟದ್ದು ರಕ್ತನಿಧಿಗೆ ಹೋಗಿ ಬೇರೆಯವರಿಗೆ ಬಳಕೆಯಾದರೆ ಚಿಂತೆಯಿಲ್ಲ, ಧಾರಾಳವಾಗಿ ಕೊಡಿ. ಆದರೆ "ಅಣ್ಣನಿಗೆ ನನ್ನ ರಕ್ತವನ್ನೇ ಹಾಕಿ" ಎಂದು ಹಠ ಹಿಡಿಯಬೇಡಿ. ಮುಂದೆ ಕಸಿ ಬೇಕಾಗಬಹುದಾದ ರೋಗಿಗೆ, ದಾನಿಯಾಗಬಹುದಾದ ಮನೆಯವರ ರಕ್ತ ಹೋದರೆ ಅವರ ವಿರುದ್ಧವೇ ಪ್ರತಿಕಾಯ ಬೆಳೆಯಬಹುದು. ಹೀಗಾಗಿ ಮಗನೊಬ್ಬ ದಾನಿಯಾಗುವ ಅವಕಾಶ ಕಳೆದುಕೊಂಡದ್ದನ್ನು ನಾನು ನೋಡಿದ್ದೇನೆ. ಪ್ರೀತಿಯಿಂದಲೇ ಕೊಟ್ಟಿದ್ದ ರಕ್ತ, ಆಗ ಅವನಿಗೆ ಯಾರೂ ಹೇಳಿರಲಿಲ್ಲ.

ರಕ್ತದ ಗುಂಪಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಕೂಡಲೇಬೇಕೆಂದಿಲ್ಲ. ಓ ಪಾಸಿಟಿವ್ ರೋಗಿ ಬಿ ಪಾಸಿಟಿವ್ ದಾನಿಯಿಂದ ಕಸಿ ಪಡೆದರೆ ಕೆಲವು ತಿಂಗಳಲ್ಲಿ ಬಿ ಪಾಸಿಟಿವ್ ಆಗುತ್ತಾರೆ. ರಕ್ತ ಬದಲಾದರೆ ಸ್ವಭಾವ ಬದಲಾಗುತ್ತದೆಯೇ, ಕುಲ ಗೋತ್ರ ಬದಲಾಗುತ್ತದೆಯೇ ಎಂದು ಮೆಲ್ಲನೆ ಕೇಳಿದವರಿದ್ದಾರೆ. ಇಲ್ಲ. ಡಿಎನ್‌ಎ ಬದಲಾಗುವುದು ರಕ್ತಕಣಗಳಲ್ಲಿ ಮಾತ್ರ. ಕೂದಲ ಬೇರು, ಮಿದುಳು, ಹೃದಯ, ಸಂತಾನದ ಕೋಶ, ಎಲ್ಲವೂ ಅವರದೇ. ಕಸಿಯಾಗಿ ತಿಂಗಳಾದ ಮೇಲೆ ನಮಗೆ ಬರುವ ರಕ್ತದ ಮಾದರಿಯಲ್ಲಿ ದಾನಿಯ ಡಿಎನ್‌ಎ ಎಷ್ಟು, ರೋಗಿಯದು ಎಷ್ಟು ಎಂದು ಅಳೆಯುತ್ತೇವೆ. ತಂಗಿಯ ಡಿಎನ್‌ಎ ಅಣ್ಣನ ರಕ್ತದಲ್ಲಿ ನೂರಕ್ಕೆ ನೂರು ಕಂಡ ದಿನ, ಇಷ್ಟು ವರ್ಷಗಳ ನಂತರವೂ, ನನಗೆ ಆ ಪರದೆಯಿಂದ ಕಣ್ಣು ಕೀಳಲು ಆಗುವುದಿಲ್ಲ.

ಮನೆಯಲ್ಲಿ ಯಾರೂ ಇಲ್ಲದವರಿಗೆ ನೋಂದಾಯಿತ ದಾನಿಗಳೇ ಗತಿ. 1974ರಲ್ಲಿ ಲಂಡನ್ನಿನಲ್ಲಿ ಶರ್ಲಿ ನೋಲನ್ ಎಂಬ ತಾಯಿ, ಮಗ ಆಂಟನಿಗೆ ದಾನಿ ಹುಡುಕುತ್ತ ಇಂಥ ಪಟ್ಟಿಯೊಂದನ್ನು ಶುರುಮಾಡಿದರು. ಆಂಟನಿಗೆ ದಾನಿ ಸಿಗಲಿಲ್ಲ, 1979ರಲ್ಲಿ ಅವನು ತೀರಿಕೊಂಡ. ಇವತ್ತು ಜಗತ್ತಿನ ಪಟ್ಟಿಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ಹೆಸರುಗಳಿವೆ. ಭಾರತದವರು ಕೆಲವೇ ಲಕ್ಷ. ಎಚ್‌ಎಲ್‌ಎ ಗೊಂಚಲುಗಳು ಜನಸಮುದಾಯಗಳ ಜೊತೆಗೆ ಸಾಗಿಬರುತ್ತವೆ. ಎ 33:03, ಬಿ 44:03, ಡಿಆರ್ 07:01 ಎಂಬ ಗೊಂಚಲು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕಾಣುತ್ತದೆ, ಜರ್ಮನಿಯ ಪಟ್ಟಿಯಲ್ಲಿ ಅದನ್ನು ಹುಡುಕುವುದು ಕಷ್ಟ. ಶತಮಾನಗಳಿಂದ ತಮ್ಮೊಳಗೇ ಮದುವೆಯಾಗುತ್ತ ಬಂದ ನಮ್ಮ ಸಮುದಾಯಗಳ ಕೆಲವು ಗೊಂಚಲುಗಳು ಆಯಾ ಸಮುದಾಯದ ಹೊರಗೆ ಸಿಗುವುದೇ ಅಪರೂಪ. ಕೊಡಗಿನವರೂ ಕಲಬುರ್ಗಿಯವರೂ ಬೆಸ್ತರೂ ಬಂಜಾರರೂ ಪಟ್ಟಿಯಲ್ಲಿ ಇರಬೇಕು. ಪಟ್ಟಿಯಲ್ಲಿ ಇಲ್ಲದ ಸಮುದಾಯದ ಮಗುವಿಗೆ ಹುಡುಕುವಾಗ ಪರದೆಯ ಮೇಲೆ ಸೊನ್ನೆ ಎಂದು ಬರುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ದಾನಿಗಳ ಪಟ್ಟಿ ನಡೆಸುವ, ಜರ್ಮನಿಯಲ್ಲಿ 1991ರಲ್ಲಿ ಆರಂಭವಾದ ಡಿಕೆಎಂಎಸ್ ಸಂಸ್ಥೆಯ ಭಾರತದ ಕಚೇರಿ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಚೆನ್ನೈಯಲ್ಲಿ ದಾತ್ರಿ ಎಂಬ ಇಂಥದೇ ಸಂಸ್ಥೆ ಇದೆ. 18 ತುಂಬಿದ, ಐವತ್ತರೊಳಗಿನ ಆರೋಗ್ಯವಂತರು ಹೆಸರು ಕೊಡಬಹುದು. ಕೆನ್ನೆಯ ಒಳಭಾಗಕ್ಕೆ ಹತ್ತಿಯ ಕಡ್ಡಿ ಸವರಿ ಕೊಟ್ಟರೆ ನೋಂದಣಿಗೆ ಸಾಕು. ಕರೆ ಮುಂದಿನ ತಿಂಗಳೇ ಬರಬಹುದು, ಹತ್ತು ವರ್ಷ ಬಿಟ್ಟು ಬರಬಹುದು, ಬರದೆಯೂ ಇರಬಹುದು. ಬಂದರೆ ಆಕರಕೋಶಗಳು ಮಜ್ಜೆಯಿಂದ ರಕ್ತಕ್ಕೆ ಇಳಿಯುವಂತೆ ನಾಲ್ಕೈದು ದಿನ ಚುಚ್ಚುಮದ್ದು, ಆ ದಿನಗಳಲ್ಲಿ ಮೈಕೈ ನೋವು ಇರುತ್ತದೆ. ನಂತರ ಪ್ಲೇಟ್‌ಲೆಟ್ ಕೊಡುವ ಹಾಗೆ ಯಂತ್ರದ ಪಕ್ಕದಲ್ಲಿ ನಾಲ್ಕಾರು ಗಂಟೆ. ಬೆನ್ನುಮೂಳೆಗೆ ಯಾರೂ ಸೂಜಿ ಹಾಕುವುದಿಲ್ಲ. ಮಜ್ಜೆಯನ್ನೇ ನೇರವಾಗಿ ತೆಗೆಯಬೇಕಾದಾಗಲೂ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ತೆಗೆಯುತ್ತಾರೆ.

ಹೆಸರು ಕೊಡುವ ಮೊದಲು ಮನೆಯಲ್ಲಿ ಅಮ್ಮನ ಜೊತೆ, ಮದುವೆಯಾಗಿದ್ದರೆ ಗಂಡ ಅಥವಾ ಹೆಂಡತಿಯ ಜೊತೆ ಮಾತನಾಡಿ. ನಮ್ಮಲ್ಲಿ ದಾನಿ ಹಿಂದೆ ಸರಿಯುವುದು ಹೆಚ್ಚಾಗಿ ಮನೆಯವರ ಭಯದಿಂದ. ಮೊದಲ ಕರೆಯಲ್ಲೇ ಬೇಡ ಎಂದರೆ ಇನ್ನೊಬ್ಬರನ್ನು ಹುಡುಕಲು ಸಮಯವಿರುತ್ತದೆ. ಆದರೆ ದಿನ ನಿಗದಿಯಾದ ಮೇಲೆ, ದಾನಿಯ ಕೋಶಗಳು ಬರುವ ಸುಮಾರು ಒಂದು ವಾರ ಮೊದಲು, ರೋಗಿಗೆ ಭಾರೀ ಪ್ರಮಾಣದ ಕೀಮೋ ಶುರುವಾಗುತ್ತದೆ. ಅದು ಅವರ ಸ್ವಂತ ಮಜ್ಜೆಯನ್ನು ಅಳಿಸಿಹಾಕುತ್ತದೆ. ಆಮೇಲೆ ಆ ದೇಹಕ್ಕೆ ನೀವು ಕೊಡುವ ಚೀಲವೊಂದನ್ನು ಬಿಟ್ಟರೆ ಬೇರೆ ಬೇರಿಲ್ಲ.